ಪಕ್ಕದ ದೇಶಕ್ಕೆ ಹೊರಡುವ ಮುನ್ನ

ಬೆಂಗಳೂರಿನ ಗಿರಿನಗರದಿಂದ ಯೂರೋಪಿಗೆ ಓದಲು, ದುಡಿಯಲು ಹೊರಟಿರುವ ಮಕ್ಕಳೇ,

ನಮ್ಮ ಬಡಾವಣೆಯಲ್ಲಿ ಈಗ ಜರ್ಮನಿ, ಐರ್ಲೆಂಡ್, ನೆದರ್ಲೆಂಡ್ಸ್ ಎಂಬ ಹೆಸರುಗಳು ಮೈಸೂರು, ಶಿವಮೊಗ್ಗದಷ್ಟೇ ಸಲೀಸಾಗಿ ಕಿವಿಗೆ ಬೀಳುತ್ತವೆ. ಪಿ.ಇ.ಎಸ್.ನಲ್ಲೋ ಬಿ.ಎಂ.ಎಸ್.ನಲ್ಲೋ ಇಂಜಿನಿಯರಿಂಗ್ ಮುಗಿಸುತ್ತೀರಿ, ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಬಸ್ಸು ಮೆಟ್ರೋ ಹಿಡಿದು ಹೋಗಿ ಜರ್ಮನ್ ಕಲಿಯುತ್ತೀರಿ, ಹೊರಡುವ ವಾರ ಮನೆಗೆ ಬಂದು ನಮಸ್ಕಾರ ಮಾಡುತ್ತೀರಿ. ಆಗ ನಿಮ್ಮಲ್ಲಿ ಹೆಚ್ಚಿನವರು ಆಡುವ ಮಾತು ಒಂದೇ: "ಅಲ್ಲಿಗೆ ಹೋದಮೇಲೆ ಯೂರೋಪೆಲ್ಲ ಸುತ್ತಬಹುದು ತಾತ." ಖಂಡಿತ ಸುತ್ತಿ. ವಯಸ್ಸಿರುವಾಗ ನೋಡಬೇಕು, ನೋಡಿದ್ದು ಕೊನೆಯವರೆಗೂ ಜೊತೆಗಿರುತ್ತದೆ. ಆದರೆ ಒಂದು ಮಾತು ಕಟ್ಟಿಕೊಂಡು ಹೋಗಿ. ಗಡಿಯಲ್ಲಿ ತಡೆಯುವವರು ಯಾರೂ ಕಾಣದಿದ್ದರೂ ನಿಯಮ ಇದ್ದೇ ಇರುತ್ತದೆ. ಆ ನಿಯಮವನ್ನು ಟಿಕೆಟ್ ಕೊಳ್ಳುವ ಮೊದಲು ನೀವೇ ಓದಿ ತಿಳಿದುಕೊಳ್ಳಬೇಕು. ಗೆಳೆಯ ಹೇಳಿದ, ಏಜೆಂಟ್ ಹೇಳಿದ ಎಂಬ ಮಾತು ಗಡಿಯಲ್ಲಿ ನಡೆಯುವುದಿಲ್ಲ.

ಮೊದಲ ವೀಸಾಕ್ಕಾಗಿ ನೀವು ಪಡುವ ಶ್ರಮವನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಜರ್ಮನಿಗೆ ಓದಲು ಹೋಗುವವರಿಗೆ 2022ರ ನವೆಂಬರ್‌ನಿಂದ ಓದಿನ ದಾಖಲೆಗಳನ್ನು ದೃಢೀಕರಿಸುವ ಎ.ಪಿ.ಎಸ್. ಪ್ರಮಾಣಪತ್ರ ಕಡ್ಡಾಯವಾಯಿತು. ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕಾದ ವರ್ಷದ ಖರ್ಚು 2024ರ ಸೆಪ್ಟೆಂಬರ್‌ನಲ್ಲಿ 11,904 ಯೂರೋಗೆ ಏರಿತು. ಆ ಹಣ ಹೊಂದಿಸಲು ಅಪ್ಪ ಅಮ್ಮ ಬ್ಯಾಂಕಿಗೆ ಓಡಾಡುತ್ತಾರೆ, ನೀವು ಒಂದೊಂದು ಕಾಗದವನ್ನೂ ಹತ್ತು ಸಲ ತಿರುವಿ ಫೈಲು ಜೋಡಿಸುತ್ತೀರಿ. ಅಷ್ಟು ಜಾಗ್ರತೆಯಿಂದ ಹೋದವರೇ, ಅಲ್ಲಿ ಸ್ವಲ್ಪ ದಿನ ಕಳೆದಮೇಲೆ ಯಾರಾದರೂ "ಶನಿವಾರ ಹೋಗಿ ಭಾನುವಾರ ರಾತ್ರಿ ಬಂದುಬಿಡೋಣ" ಎಂದರೆ ಏನೂ ವಿಚಾರಿಸದೆ ಚೀಲ ಹೆಗಲಿಗೇರಿಸುತ್ತಾರೆ. ತೊಂದರೆ ಹುಟ್ಟುವುದು ಈ ಎರಡನೇ ಪ್ರಯಾಣದಲ್ಲಿ, ಪಕ್ಕದ ದೇಶಕ್ಕೆ ಹೋಗುವಾಗ.

ಅತ್ತಿಬೆಲೆ ದಾಟಿ ಹೊಸೂರಿಗೆ ಹೋದಷ್ಟೇ ಸುಲಭವಾಗಿ ಅಲ್ಲಿ ಬಸ್ಸು, ರೈಲು ಒಂದು ದೇಶದಿಂದ ಇನ್ನೊಂದಕ್ಕೆ ಹೋಗುತ್ತವೆ. ಅಂಗಡಿಯ ಫಲಕದ ಭಾಷೆ ಬದಲಾದಾಗಲೇ ದೇಶ ಬದಲಾಯಿತೆಂದು ಗೊತ್ತಾಗುವುದುಂಟು. ಆದರೆ ಹೊಸೂರಿಗೆ ನೀವು ಹೋಗುವುದು ಈ ದೇಶದ ಪ್ರಜೆಯಾಗಿ, ನಿಮ್ಮ ಹಕ್ಕಿನ ಮೇಲೆ. ಅಲ್ಲಿ ಪಕ್ಕದ ದೇಶಕ್ಕೆ ಹೋಗುವುದು ನಿಮ್ಮ ಕೈಯಲ್ಲಿರುವ ಕಾಗದದ ಮೇಲೆ. ಆ ಕಾಗದ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದೇ ತಿಳಿಯಬೇಕಾದ ಮೊದಲ ವಿಷಯ.

ಲಕ್ಸೆಂಬರ್ಗ್ ದೇಶದಲ್ಲಿ ಮೊಸೆಲ್ ನದಿಯ ದಡದಲ್ಲಿ ಶೆಂಗೆನ್ ಎಂಬ ಸಣ್ಣ ಹಳ್ಳಿಯಿದೆ. 1985ರ ಜೂನ್ 14ರಂದು ಆ ನದಿಯಲ್ಲಿದ್ದ ಹಡಗಿನ ಮೇಲೆ ಫ್ರಾನ್ಸ್, ಪಶ್ಚಿಮ ಜರ್ಮನಿ, ಬೆಲ್ಜಿಯಂ, ನೆದರ್ಲೆಂಡ್ಸ್, ಲಕ್ಸೆಂಬರ್ಗ್ ಈ ಐದು ದೇಶಗಳು ತಮ್ಮ ನಡುವಿನ ಗಡಿ ತಪಾಸಣೆ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದವು. ಅದು ಜಾರಿಗೆ ಬಂದದ್ದು 1995ರ ಮಾರ್ಚ್‌ನಲ್ಲಿ. ಈ ದೇಶಗಳ ಗುಂಪಿಗೆ ಆ ಹಳ್ಳಿಯ ಹೆಸರೇ ನಿಂತಿತು. 2023ರಲ್ಲಿ ಕ್ರೊಯೇಷಿಯಾ ಸೇರಿತು. ರೊಮೇನಿಯಾ, ಬಲ್ಗೇರಿಯಾಗಳ ಭೂಗಡಿಯ ತಪಾಸಣೆ 2025ರ ಜನವರಿ 1ರಿಂದ ನಿಂತಿತು. ಈಗ ಒಟ್ಟು 29 ದೇಶಗಳು.

ಇಲ್ಲೊಂದು ಗೊಂದಲ ಬಿಡಿಸಿಕೊಳ್ಳಿ. ಯೂರೋಪಿಯನ್ ಯೂನಿಯನ್ ಬೇರೆ, ಶೆಂಗೆನ್ ಬೇರೆ. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್, ಲೀಶ್ಟೆನ್‌ಸ್ಟೈನ್ ಯೂನಿಯನ್ನಿನಲ್ಲಿಲ್ಲ, ಶೆಂಗೆನ್‌ನಲ್ಲಿವೆ. ಐರ್ಲೆಂಡ್ ಮತ್ತು ಸೈಪ್ರಸ್ ಯೂನಿಯನ್ನಿನಲ್ಲಿವೆ, ಶೆಂಗೆನ್‌ನಲ್ಲಿಲ್ಲ. ಬ್ರಿಟನ್ ಎರಡರಲ್ಲೂ ಇಲ್ಲ. ಯೂರೋ ನಾಣ್ಯ ಎಲ್ಲಿ ನಡೆಯುತ್ತದೆ ಎಂಬುದಂತೂ ಮೂರನೆಯ ಲೆಕ್ಕ, ಅದಕ್ಕೂ ವೀಸಾಕ್ಕೂ ಸಂಬಂಧವಿಲ್ಲ. ನೀವು ಹೋಗುವ ದೇಶ ಈ 29ರಲ್ಲಿದೆಯೇ ಎಂಬ ಪ್ರಶ್ನೆಯೊಂದನ್ನೇ ಕೇಳಿಕೊಳ್ಳಿ.

ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್‌ನಂಥ ಶೆಂಗೆನ್ ದೇಶದಲ್ಲಿ ಓದುವವರಿಗೆ, ಕೆಲಸ ಮಾಡುವವರಿಗೆ ದೀರ್ಘಾವಧಿಯ ಡಿ ವೀಸಾ ಸಿಗುತ್ತದೆ, ಆಮೇಲೆ ರೆಸಿಡೆನ್ಸ್ ಪರ್ಮಿಟ್ ಕಾರ್ಡು ಬರುತ್ತದೆ. ಇವುಗಳಲ್ಲಿ ಒಂದು ಚಾಲ್ತಿಯಲ್ಲಿದ್ದರೆ ಉಳಿದ ಶೆಂಗೆನ್ ದೇಶಗಳಿಗೆ ಬೇರೆ ವೀಸಾ ಇಲ್ಲದೆ ಹೋಗಬಹುದು. ಯಾವುದೇ 180 ದಿನಗಳಲ್ಲಿ 90 ದಿನ ಮೀರುವಂತಿಲ್ಲ. ಹೋಗುವಾಗ ಪಾಸ್‌ಪೋರ್ಟ್ ಮತ್ತು ಕಾರ್ಡು ಎರಡೂ ಜೊತೆಗಿರಬೇಕು. ಕಾರ್ಡೊಂದೇ ಸಾಲದು. ಪಾಸ್‌ಪೋರ್ಟ್ ಕಳೆದೀತೆಂದು ಹೆದರಿ ಕೋಣೆಯಲ್ಲಿ ಬೀಗ ಹಾಕಿಟ್ಟು, ಫೋನಿನಲ್ಲಿ ಫೋಟೋ ಇಟ್ಟುಕೊಂಡು ಹೊರಡುವವರಿದ್ದಾರೆ. ಹಾಗೆ ಮಾಡಬೇಡಿ. ಜರ್ಮನಿ 2024ರ ಸೆಪ್ಟೆಂಬರ್ 16ರಿಂದ ತನ್ನ ಎಲ್ಲ ಭೂಗಡಿಗಳಲ್ಲೂ ತಾತ್ಕಾಲಿಕ ತಪಾಸಣೆ ಶುರುಮಾಡಿತು, ಅವಧಿಯನ್ನು ಒಂದಕ್ಕಿಂತ ಹೆಚ್ಚು ಬಾರಿ ವಿಸ್ತರಿಸಿತು. ನಡುರಾತ್ರಿ ಬಸ್ಸು ನಿಲ್ಲಿಸಿ ಪೊಲೀಸರು ಹತ್ತಿದಾಗ ಫೋನಿನ ಫೋಟೋ ಮೂಲ ಪಾಸ್‌ಪೋರ್ಟಿಗೆ ಸಮವಾಗುವುದಿಲ್ಲ.

ಹೀಗೆ ಹೋಗುವುದು ನೋಡಲು, ನೆಂಟರನ್ನು ಕಾಣಲು, ಸಭೆಗೆ ಹಾಜರಾಗಲು. ಜರ್ಮನಿಯ ವಿದ್ಯಾರ್ಥಿ ಪರ್ಮಿಟ್ ಇದೆಯೆಂದು ಆಮ್‌ಸ್ಟರ್‌ಡ್ಯಾಮಿನ ಹೋಟೆಲಿನಲ್ಲಿ ರಜೆಯಲ್ಲಿ ದುಡಿಯುವಂತಿಲ್ಲ. ಕೆಲಸದ ಅನುಮತಿ ಕೊಟ್ಟ ದೇಶದ ಎಲ್ಲೆಯೊಳಗಷ್ಟೇ ಅದು ನಡೆಯುತ್ತದೆ.

ಫ್ರಾನ್ಸಿಗೆ ಓದಲು ಹೋದವರು ಇನ್ನೊಂದು ಕೆಲಸ ಮರೆಯಬಾರದು. ಅಲ್ಲಿಯ ದೀರ್ಘಾವಧಿ ವಿದ್ಯಾರ್ಥಿ ವೀಸಾವನ್ನು ಊರು ಸೇರಿದ ಮೂರು ತಿಂಗಳೊಳಗೆ ಆನ್‌ಲೈನಿನಲ್ಲಿ ಊರ್ಜಿತಗೊಳಿಸಬೇಕು. ಕೋಣೆ ಹುಡುಕುವ, ಬ್ಯಾಂಕು ಖಾತೆ ತೆರೆಯುವ ಗಡಿಬಿಡಿಯಲ್ಲಿ ಇದನ್ನು ಮುಂದೂಡುತ್ತ ಹೋದರೆ ಅಲ್ಲಿ ಇರುವ ಹಕ್ಕಿಗೇ ಕುತ್ತು ಬರುತ್ತದೆ. ಇಳಿದ ಮೊದಲ ವಾರವೇ ಮುಗಿಸಿಬಿಡಿ.

ಕಾರ್ಡಿನ ಅವಧಿ ಮುಗಿಯುವ ಹೊತ್ತು ಬಹಳ ನಾಜೂಕಿನದು. ಹೊಸ ಕಾರ್ಡಿಗೆ ಅರ್ಜಿ ಹಾಕಿರುತ್ತೀರಿ, ಅದು ಬರಲು ತಿಂಗಳುಗಳೇ ಹಿಡಿಯಬಹುದು, ನಡುವೆ ಒಂದು ತಾತ್ಕಾಲಿಕ ಪತ್ರ ಕೊಡುತ್ತಾರೆ. ಜರ್ಮನಿಯಲ್ಲಿ ಅದಕ್ಕೆ ಫಿಕ್ಷನ್ಸ್‌ಬೆಶೈನಿಗುಂಗ್ ಎನ್ನುತ್ತಾರೆ. ಅದರಲ್ಲೇ ಬಗೆಗಳಿವೆ: ಕೆಲವು ಪತ್ರಗಳ ಮೇಲೆ ಹೊರಹೋಗಿ ಮರಳಿ ಬರಬಹುದು, ಕೆಲವುಗಳ ಮೇಲೆ ಬರಲಾಗದು. ಅದರಲ್ಲಿ ಯಾವ ಕಲಮಿಗೆ ಗುರುತು ಹಾಕಿದ್ದಾರೆ ನೋಡಿಕೊಂಡು, ಕೊಟ್ಟ ಕಚೇರಿಯನ್ನೇ ಬರವಣಿಗೆಯಲ್ಲಿ ಕೇಳಿ, ಉತ್ತರ ಕೈಗೆ ಬಂದಮೇಲೆ ಹೊರಡಿ. ತಂಗಿಯ ಮದುವೆಗೆ ಊರಿಗೆ ಬರುವುದಿದ್ದರೂ ಇದೇ ಮಾತು. ಮದುವೆಯ ಲಗ್ನಪತ್ರಿಕೆಗೆ ಎಷ್ಟು ಮುಂಚೆ ದಿನ ನೋಡುತ್ತೇವೋ ಕಾರ್ಡಿನ ತಾರೀಖನ್ನೂ ಅಷ್ಟೇ ಮುಂಚೆ ನೋಡಬೇಕು.

ಈಗ ಐರ್ಲೆಂಡಿಗೆ ಹೋಗುವವರು ಗಮನ ಕೊಟ್ಟು ಕೇಳಿ. ಡಬ್ಲಿನ್‌ನಲ್ಲಿ ರೈಲು ಹತ್ತಿದರೆ ಬೆಲ್‌ಫಾಸ್ಟ್ ತಲುಪುತ್ತೀರಿ. ದಾರಿಯಲ್ಲಿ ಗಡಿ ಠಾಣೆಯಿಲ್ಲ, ಕಮಾನಿಲ್ಲ, ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಕಿಂಡಿಯಿಲ್ಲ. ಆದರೆ ಬೆಲ್‌ಫಾಸ್ಟ್ ಇರುವುದು ಉತ್ತರ ಐರ್ಲೆಂಡಿನಲ್ಲಿ, ಅದು ಬ್ರಿಟನ್ನಿನ ಭಾಗ. ಐರಿಷ್ ಮತ್ತು ಬ್ರಿಟಿಷ್ ಪ್ರಜೆಗಳು ಎರಡೂ ಕಡೆ ಮುಕ್ತವಾಗಿ ಓಡಾಡುವ ವ್ಯವಸ್ಥೆ ಬಹುಕಾಲದಿಂದಿದೆ. ಅದು ಭಾರತದ ಪಾಸ್‌ಪೋರ್ಟ್ ಹಿಡಿದವರಿಗೆ ಅನ್ವಯಿಸುವುದಿಲ್ಲ. ಡಬ್ಲಿನ್‌ನಲ್ಲಿ ಓದುವ ಭಾರತೀಯ ವಿದ್ಯಾರ್ಥಿಗೆ ಬೆಲ್‌ಫಾಸ್ಟಿಗೆ ಹೋಗಲು ಬ್ರಿಟನ್ನಿನ ವೀಸಾ ಬೇಕು. ಲಂಡನ್ನಿನಲ್ಲಿ ಓದುವವರಿಗೆ ಡಬ್ಲಿನ್ನಿಗೆ ಬರಲು ಐರಿಷ್ ವೀಸಾ ಬೇಕು. ಭಾರತೀಯರು ಒಂದೇ ವೀಸಾದಲ್ಲಿ ಎರಡೂ ದೇಶ ನೋಡುವ ಬ್ರಿಟಿಷ್-ಐರಿಷ್ ಯೋಜನೆ ಇರುವುದು ಅಲ್ಪಾವಧಿಯ ಪ್ರವಾಸಿಗಳಿಗೆ, ಓದಲು ಹೋಗಿ ನೆಲೆಸಿರುವವರಿಗಲ್ಲ. ಇಡೀ ತರಗತಿ ಬೆಲ್‌ಫಾಸ್ಟಿನ ಟೈಟಾನಿಕ್ ವಸ್ತುಸಂಗ್ರಹಾಲಯ ನೋಡಲು ಹೊರಟಿದ್ದರೂ ವೀಸಾ ಇಲ್ಲದವರು ಹಿಂದೆ ಉಳಿಯಬೇಕು. ಒಂದು ಭಾನುವಾರ ತಪ್ಪಿದ್ದಕ್ಕೆ ಬೇಸರವಾದೀತು. ಆದರೆ ವೀಸಾ ಇಲ್ಲದೆ ಪ್ರವೇಶಿಸಿದ್ದು ದಾಖಲಾದರೆ ಮುಂದಿನ ಪ್ರತಿ ಅರ್ಜಿಯಲ್ಲೂ ಅದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಬ್ರಿಟನ್ನಿನಲ್ಲಿ ಓದುವವರಿಗೆ ಪ್ಯಾರಿಸ್ ಬಹಳ ಹತ್ತಿರ. ಯೂರೋಸ್ಟಾರ್ ರೈಲು ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಿಂದ ಹೊರಡುತ್ತದೆ, ಫ್ರೆಂಚ್ ಪೊಲೀಸರು ಆ ನಿಲ್ದಾಣದಲ್ಲೇ ಕುಳಿತು ಪಾಸ್‌ಪೋರ್ಟ್ ನೋಡುತ್ತಾರೆ. ಶೆಂಗೆನ್ ವೀಸಾ ಇಲ್ಲದಿದ್ದರೆ ರೈಲು ಹತ್ತಲು ಬಿಡುವುದಿಲ್ಲ. ಆ ವೀಸಾಕ್ಕೆ ಅಲ್ಲಿಂದಲೇ ಅರ್ಜಿ ಹಾಕಬಹುದು. ಆದರೆ ಶೆಂಗೆನ್‌ನಿಂದ ಹಿಂದಿರುಗುವ ದಿನದಿಂದ ಮುಂದಕ್ಕೆ ಕನಿಷ್ಠ ಮೂರು ತಿಂಗಳು ಬ್ರಿಟನ್ನಿನಲ್ಲಿ ಇರುವ ಅನುಮತಿ ಉಳಿದಿರಬೇಕು. ಓದು ಮುಗಿದು ಊರಿಗೆ ಹೊರಡುವ ಮುನ್ನ ಕೊನೆಯ ತಿಂಗಳಲ್ಲಿ ಯೂರೋಪ್ ನೋಡೋಣ ಎಂದುಕೊಂಡವರು ಇಲ್ಲೇ ಸಿಕ್ಕಿಬೀಳುತ್ತಾರೆ. ಮೊದಲ ವರ್ಷದ ರಜೆಯಲ್ಲೇ ಹೋಗಿಬನ್ನಿ.

ಜರ್ಮನಿಯಲ್ಲಿರುವವರಿಗೆ ಲಂಡನ್ನಿನ ಲೆಕ್ಕವೂ ಇದೇ. ಥೇಮ್ಸ್ ದಡದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನಲ್ಲಿ ನಮ್ಮ ಬಸವಣ್ಣನವರ ಪ್ರತಿಮೆಯಿದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರ ಪ್ರಯತ್ನದಿಂದ ಅಲ್ಲಿ ನಿಂತ ಅದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಕನ್ನಡದ ಮಕ್ಕಳು ಅದನ್ನು ನೋಡಬೇಕೆಂದು ಆಸೆಪಡುವುದು ಸಹಜ. ಆದರೆ ಜರ್ಮನಿಯ ಕಾರ್ಡು ಅಲ್ಲಿಗೆ ನಡೆಯದು, ಬ್ರಿಟನ್ನಿನ ಪ್ರವಾಸಿ ವೀಸಾ ಬೇರೆಯೇ ಬೇಕು.

ವೀಸಾ ಚೀಟಿಯನ್ನು ಓದುವುದು ಕಲಿಯಿರಿ. ಶೆಂಗೆನ್ ವೀಸಾದಲ್ಲಿ ನೋಡಬೇಕಾದದ್ದು ಮೂರು. ಒಂದು, ಯಾವ ದಿನದಿಂದ ಯಾವ ದಿನದವರೆಗೆ ನಡೆಯುತ್ತದೆ. ಎರಡು, ಒಳಗೆ ಎಷ್ಟು ದಿನ ಇರಬಹುದು. ಮೂರು, ಎಷ್ಟು ಸಲ ಒಳಬರಬಹುದು. ಎರಡು ತಾರೀಖುಗಳ ನಡುವೆ 45 ದಿನವಿದ್ದು, ಇರಬಹುದಾದ ದಿನ ಮೂವತ್ತೇ ಆಗಿರುವುದುಂಟು. ಪ್ರಯಾಣ ಒಂದೆರಡು ದಿನ ಹಿಂದುಮುಂದಾದರೆ ಅನುಕೂಲವಾಗಲೆಂದು ಹಾಗೆ ಕೊಟ್ಟಿರುತ್ತಾರೆ. ಕೊನೆಯ ತಾರೀಖನ್ನಷ್ಟೇ ನೋಡಿ ಉಳಿದರೆ ಅವಧಿ ಮೀರಿದಂತಾಗುತ್ತದೆ. ಪ್ರವೇಶದ ಸಂಖ್ಯೆ ಒಂದು ಎಂದಿದ್ದರೆ, ನಿಮ್ಮನ್ನು ನೋಡಲು ಬಂದ ಅಪ್ಪ ಅಮ್ಮ ಮ್ಯೂನಿಕ್‌ನಿಂದ ಲಂಡನ್ನಿಗೆ ಹೋದ ದಿನವೇ ಆ ಶೆಂಗೆನ್ ವೀಸಾ ಮುಗಿಯಿತು. ಇನ್ನೂ ಇಪ್ಪತ್ತು ದಿನ ಬಾಕಿಯಿದ್ದರೂ ಮತ್ತೆ ಮ್ಯೂನಿಕ್‌ಗೆ ಬರಲಾಗದು, ಅಲ್ಲಿಂದ ಬೆಂಗಳೂರಿಗೆ ಕಾದಿರಿಸಿದ ಟಿಕೆಟ್ ವ್ಯರ್ಥವಾಗುತ್ತದೆ. ನಡುವೆ ಬ್ರಿಟನ್, ಟರ್ಕಿ, ಸೆರ್ಬಿಯಾದಂಥ ಹೊರಗಿನ ದೇಶಕ್ಕೆ ಹೋಗಿಬರುವ ಯೋಚನೆಯಿದ್ದರೆ ಅರ್ಜಿಯಲ್ಲೇ ಅದನ್ನು ತಿಳಿಸಿ ಮಲ್ಟಿಪಲ್ ಎಂಟ್ರಿ ಕೇಳಬೇಕು.

ಹಳೆಯ ಸುದ್ದಿಯ ಮೇಲೆ ಟಿಕೆಟ್ ಕೊಳ್ಳಬೇಡಿ ಎನ್ನುವುದಕ್ಕೆ ಸೆರ್ಬಿಯಾವೇ ಸಾಕ್ಷಿ. ಭಾರತೀಯರು 2017ರಿಂದ ಅಲ್ಲಿಗೆ ಮೂವತ್ತು ದಿನ ವೀಸಾ ಇಲ್ಲದೆ ಹೋಗಬಹುದಿತ್ತು. 2023ರ ಜನವರಿ 1ರಿಂದ ಆ ಸೌಲಭ್ಯ ನಿಂತಿತು. ಹಿರಿಯ ವಿದ್ಯಾರ್ಥಿ "ನಾನು ಹೋಗಿದ್ದೆ, ಏನೂ ಕೇಳಲಿಲ್ಲ" ಎಂದರೆ ಅವನು ಹೇಳುವುದು ಸುಳ್ಳಲ್ಲ, ಅವನು ಹೋದ ವರ್ಷದ ಮಾತು. ನೀವು ಹೋಗುವ ದೇಶದ ಸರ್ಕಾರ ಹೊರಡುವ ವಾರ ಏನು ಹೇಳುತ್ತದೋ ಅದನ್ನು ನೋಡಿ.

ಅಪ್ಪ ಅಮ್ಮನನ್ನು ಕರೆಸಿಕೊಳ್ಳುವ ವಿಚಾರಕ್ಕೆ ಬರುತ್ತೇನೆ. ನಮ್ಮ ಬೀದಿಯ ಎಷ್ಟೋ ಮನೆಯವರಿಗೆ ಅಮೆರಿಕಕ್ಕೆ ಬಾಣಂತನಕ್ಕೆ ಹೋಗಿ ಆರು ತಿಂಗಳು ಇದ್ದುಬಂದ ಅಭ್ಯಾಸ. ಯೂರೋಪಿಗೂ ಹಾಗೇ ಎಂದುಕೊಂಡು ಸೀಮಂತದ ಹೊತ್ತಿಗೇ ಹೊರಡುತ್ತಾರೆ. ಶೆಂಗೆನ್‌ನಲ್ಲಿ ಪ್ರವಾಸಿ ವೀಸಾದ ಮೇಲೆ ಇರಬಹುದಾದದ್ದು 180 ದಿನಗಳಲ್ಲಿ 90 ದಿನ ಮಾತ್ರ. ಇಳಿದ ದಿನವೂ ಹೊರಟ ದಿನವೂ ಲೆಕ್ಕಕ್ಕೆ ಬರುತ್ತವೆ. ಜರ್ಮನಿಯಲ್ಲಿ 60 ದಿನ ಕಳೆದು ಫ್ರಾನ್ಸಿಗೋ ಸ್ವಿಟ್ಜರ್ಲೆಂಡಿಗೋ ಹೋದರೆ ಎಣಿಕೆ ಹೊಸದಾಗಿ ಶುರುವಾಗುವುದಿಲ್ಲ. 29 ದೇಶಗಳಿಗೂ ಒಂದೇ ಎಣಿಕೆ. ಜನವರಿ 1ಕ್ಕೆ ಇಳಿದು ಮಾರ್ಚ್ 31ಕ್ಕೆ ಹೊರಟ ತಾಯಿ, ಅಧಿಕ ವರ್ಷವಲ್ಲದಿದ್ದರೆ, ಸರಿಯಾಗಿ 90 ದಿನ ಮುಗಿಸಿರುತ್ತಾರೆ. ವೀಸಾ ಚಾಲ್ತಿಯಲ್ಲಿದ್ದರೂ ಅವರು ಮತ್ತೆ ಒಳಬರಬಹುದಾದದ್ದು ಜೂನ್ 30ಕ್ಕೆ. ಕಾಯಿಲೆಯಂಥ ಅನಿವಾರ್ಯ ಕಾರಣವಿಲ್ಲದೆ ಅವಧಿ ವಿಸ್ತರಿಸುವುದಿಲ್ಲ. ಮೊಮ್ಮಗುವನ್ನು ಬಿಟ್ಟುಬರಲು ಮನಸ್ಸಾಗಲಿಲ್ಲ ಎಂಬ ಕಾರಣವನ್ನು ಯಾವ ಅಧಿಕಾರಿಯೂ ಒಪ್ಪುವುದಿಲ್ಲ.

ಆದ್ದರಿಂದ ಮೊದಲೇ ಮನೆಯವರೆಲ್ಲ ಕುಳಿತು ಮಾತಾಡಿಕೊಳ್ಳಿ. ಹೆರಿಗೆಯ ಹೊತ್ತಿಗೆ ತಾಯಿ ಹೋದರೆ, ಅವರು ಹಿಂತಿರುಗುವ ವೇಳೆಗೆ ಅತ್ತೆಯವರು ಹೋಗಲಿ. ಹೀಗೆ ಸರದಿ ಹಾಕಿಕೊಂಡರೆ ಮಗುವಿಗೆ ಆರು ತಿಂಗಳಾಗುವವರೆಗೆ ಮನೆಯಲ್ಲಿ ಹಿರಿಯರೊಬ್ಬರು ಇರುತ್ತಾರೆ, ಎಲ್ಲೂ ನಿಯಮ ಮೀರಿದಂತಾಗುವುದಿಲ್ಲ. ಇಬ್ಬರು ಬೀಗಿತ್ತಿಯರ ನಡುವೆ ಈ ಮಾತು ಪ್ರೀತಿಯಿಂದ ನಡೆಯುವಂತೆ ನೋಡಿಕೊಳ್ಳುವುದು ಮಕ್ಕಳಾದ ನಿಮ್ಮ ಹೊಣೆ.

ದಿನಗಳ ಎಣಿಕೆಯಲ್ಲಿ ಕಣ್ಣು ತಪ್ಪಿಸಬಹುದೆಂಬ ಯೋಚನೆಯನ್ನು ಪೂರ್ತಿ ಬಿಟ್ಟುಬಿಡಿ. 2025ರ ಅಕ್ಟೋಬರ್ 12ರಿಂದ ಶೆಂಗೆನ್ ಹೊರಗಡಿಗಳಲ್ಲಿ ಇ.ಇ.ಎಸ್. ಎಂಬ ಹೊಸ ವ್ಯವಸ್ಥೆ ಹಂತಹಂತವಾಗಿ ಜಾರಿಗೆ ಬಂತು. ಅಲ್ಪಾವಧಿಗೆ ಬರುವ ಹೊರದೇಶದವರ ಮುಖದ ಚಿತ್ರ, ಬೆರಳಚ್ಚು, ಬಂದ ದಿನ, ಹೋದ ದಿನ ಎಲ್ಲವೂ ಕಂಪ್ಯೂಟರಿನಲ್ಲಿ ದಾಖಲಾಗುತ್ತವೆ. ರೆಸಿಡೆನ್ಸ್ ಪರ್ಮಿಟ್ ಇರುವ ನಿಮಗೆ ಇದು ಅನ್ವಯಿಸುವುದಿಲ್ಲ, ನಿಮ್ಮನ್ನು ನೋಡಲು ಬರುವ ಅಪ್ಪ ಅಮ್ಮನಿಗೆ ಅನ್ವಯಿಸುತ್ತದೆ. ಅವಧಿ ಮೀರಿದ್ದು ತಾನಾಗಿಯೇ ಗೊತ್ತಾಗುತ್ತದೆ. ಮತ್ತೆ ಕೆಲವು ವರ್ಷ ಪ್ರವೇಶವೇ ಇಲ್ಲದಂತೆ ಆಗಬಹುದು.

ಅವರ ಅರ್ಜಿಗೆ ಬೇಕಾದ ಮುಖ್ಯ ವಿಷಯಗಳನ್ನು ಹೇಳಿಬಿಡುತ್ತೇನೆ. ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಶೆಂಗೆನ್‌ನಿಂದ ಹೊರಡುವ ದಿನದ ನಂತರವೂ ಕನಿಷ್ಠ ಮೂರು ತಿಂಗಳು ನಡೆಯುವಂತಿರಬೇಕು, ಎರಡು ಖಾಲಿ ಹಾಳೆ ಇರಬೇಕು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿತವಾಗಿ ಹಾಕಬಹುದು, ಹದಿನೈದು ದಿನಕ್ಕಿಂತ ತಡಮಾಡುವಂತಿಲ್ಲ. 2024ರ ಜೂನ್‌ನಿಂದ ದೊಡ್ಡವರ ವೀಸಾ ಶುಲ್ಕ 90 ಯೂರೋ. ಹಲವು ದೇಶ ನೋಡುವುದಿದ್ದರೆ ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಯಾವ ದೇಶದ ಅಪಾಯಿಂಟ್‌ಮೆಂಟ್ ಬೇಗ ಸಿಗುತ್ತದೋ ಅಲ್ಲಿಗೆ ಹಾಕಿ ಇನ್ನೆಲ್ಲೋ ಉಳಿಯುವುದು ಸರಿಯಲ್ಲ. ಬೇಸಿಗೆ ರಜೆಯಲ್ಲಿ ಹೋಗುವವರು ಸಂಕ್ರಾಂತಿ ಕಳೆಯುತ್ತಲೇ ಕಾಗದ ಜೋಡಿಸಲು ಕೂತರೆ ಪರದಾಟ ತಪ್ಪುತ್ತದೆ.

ನಿಯಮ ಪಾಲಿಸಿದವರಿಗೆ ಅನುಕೂಲವೂ ಇದೆ. 2024ರ ಏಪ್ರಿಲ್‌ನಲ್ಲಿ ಯೂರೋಪಿಯನ್ ಕಮಿಷನ್ ಭಾರತದಲ್ಲಿ ನೆಲೆಸಿರುವ ಭಾರತೀಯರಿಗಾಗಿ ಹೊಸ ಕ್ರಮ ತಂದಿತು. ಮೂರು ವರ್ಷದೊಳಗೆ ಎರಡು ವೀಸಾ ಪಡೆದು ಸರಿಯಾಗಿ ಬಳಸಿದವರಿಗೆ ಎರಡು ವರ್ಷದ ಮಲ್ಟಿಪಲ್ ಎಂಟ್ರಿ ವೀಸಾ, ಆಮೇಲೆ ಪಾಸ್‌ಪೋರ್ಟಿನ ಅವಧಿ ಸಾಕಷ್ಟಿದ್ದರೆ ಐದು ವರ್ಷದ್ದು ಸಿಗಬಹುದು. ಹೇಳಿದ ದಿನ ಹೋಗಿ, ಹೇಳಿದ ದಿನ ಹಿಂದಿರುಗಿದ ದಾಖಲೆಯೇ ಮುಂದಿನ ವೀಸಾಕ್ಕೆ ದೊಡ್ಡ ಶಿಫಾರಸು.

ನಮ್ಮ ಕಡೆಯವರಿಗೇ ವಿಶೇಷವಾಗಿ ಕಾಡುವುದು ಹೆಸರಿನ ಗೊಂದಲ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆಯೋ ಹಿಂದೆಯೋ ಕುಳಿತಿರುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್‌ಗೆ ಅವಕಾಶವಿಲ್ಲ, ಬಿಡಿಸಿ ಪೂರ್ತಿ ಬರೆಯಬೇಕು. ಕೆಲವರು ಎಲ್ಲವನ್ನೂ ಗಿವನ್ ನೇಮ್ ಜಾಗದಲ್ಲಿ ತುಂಬಿ ಸರ್‌ನೇಮ್ ಖಾಲಿ ಬಿಡುತ್ತಾರೆ. ಆಗ ವಿಮಾನದ ಟಿಕೆಟ್ ಒಂದು ರೀತಿ, ವಿಶ್ವವಿದ್ಯಾಲಯದ ಪತ್ರ ಇನ್ನೊಂದು ರೀತಿ, ಪರ್ಮಿಟ್ ಕಾರ್ಡು ಮತ್ತೊಂದು ರೀತಿ ಆಗಿಬಿಡುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಭಾರತೀಯ ಪ್ರವಾಸಿಗಳಿಗೆ ಪ್ರವೇಶವಿಲ್ಲವೆಂದು ಯು.ಎ.ಇ. 2022ರ ನವೆಂಬರ್‌ನಲ್ಲಿ ಸೂಚನೆ ಹೊರಡಿಸಿತ್ತು. ಯೂರೋಪಿಗೆ ದುಬೈ ಮೇಲಿಂದ ಹೋಗಿ ಅಲ್ಲಿ ಎರಡು ದಿನ ಇಳಿಯುವ ಯೋಚನೆಯಿರುವವರಿಗೆ ಇದು ಮುಖ್ಯ. ಹೆಸರು ಸರಿಪಡಿಸುವ ಕೆಲಸವನ್ನು ಇಲ್ಲಿರುವಾಗಲೇ, ಪಾಸ್‌ಪೋರ್ಟ್ ಸೇವಾ ಕೇಂದ್ರ ಹತ್ತಿರವಿರುವಾಗಲೇ ಮಾಡಿಸಿಕೊಳ್ಳಿ. ಮುಂದೆ ಎಲ್ಲ ಕಡೆಯೂ ಪಾಸ್‌ಪೋರ್ಟಿನಲ್ಲಿರುವಂತೆ ಅಕ್ಷರ ಅಕ್ಷರವೂ ಹೊಂದುವಂತೆ ಬರೆಯಿರಿ.

ಚೀಲದ ವಿಷಯ ಅಮ್ಮಂದಿರೂ ಕೇಳಬೇಕು. ಯೂರೋಪಿಯನ್ ಯೂನಿಯನ್ ದೇಶಗಳಿಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ಮನೆಯಲ್ಲಿ ಕಾಯಿಸಿದ ತುಪ್ಪವೂ ಅದರಲ್ಲಿ ಸೇರುತ್ತದೆ. ಕರಿಬೇವಿನಂಥ ಹಸಿ ಎಲೆಗೆ, ಹೆಚ್ಚಿನ ಹಣ್ಣು ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅನಾನಸ್, ತೆಂಗಿನಕಾಯಿ, ಬಾಳೆ, ಖರ್ಜೂರ, ಡೂರಿಯನ್ ಈ ಐದಕ್ಕೆ ಮಾತ್ರ ಅದರಿಂದ ವಿನಾಯಿತಿ. ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ ಕಟ್ಟಿಕೊಡಿ, ತುಪ್ಪವನ್ನು ಅಲ್ಲೇ ಬೆಣ್ಣೆ ಕೊಂಡು ಕಾಯಿಸಿಕೊಳ್ಳಲಿ. 10,000 ಯೂರೋ ಅಥವಾ ಅದಕ್ಕೆ ಮೇಲ್ಪಟ್ಟ ನಗದಿದ್ದರೆ ಘೋಷಿಸಬೇಕು.

ವಿಮೆಯಲ್ಲೂ ಒಂದು ಸೂಕ್ಷ್ಮವಿದೆ. ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆಯ ಕಾರ್ಡಿನ ಹಿಂಬದಿಯೇ ಯೂರೋಪಿನ ಬೇರೆ ದೇಶಗಳಿಗೂ ನಡೆಯುವ ಕಾರ್ಡಾಗಿರುತ್ತದೆ. ಆದರೆ ಯೂನಿಯನ್ನಿನ ಪ್ರಜೆಗಳಲ್ಲದವರಿಗೆ ಅದು ಸ್ವಿಟ್ಜರ್ಲೆಂಡ್, ಡೆನ್ಮಾರ್ಕ್ ಮುಂತಾದೆಡೆ ನಡೆಯುವುದಿಲ್ಲ. ಆಲ್ಪ್ಸ್‌ನ ಹಿಮದಲ್ಲಿ ಜಾರಿ ಕಾಲು ಮುರಿದುಕೊಂಡರೆ ಸ್ವಿಸ್ ಆಸ್ಪತ್ರೆಯ ಖರ್ಚು ನಿಮ್ಮ ತಲೆಯ ಮೇಲೇ ಬೀಳುತ್ತದೆ. ಅಲ್ಲಿಗೆ ಹೊರಡುವ ಮುನ್ನ ಪ್ರಯಾಣ ವಿಮೆ ಮಾಡಿಸಿ.

ಪಾಸ್‌ಪೋರ್ಟ್ ಕಳೆದರೆ ಕೂಡಲೇ ಅಲ್ಲಿಯ ಪೊಲೀಸರಿಗೆ ದೂರು ಕೊಟ್ಟು, ಆ ದೇಶದಲ್ಲಿರುವ ಭಾರತದ ದೂತಾವಾಸವನ್ನು ಕಾಣಿ. ಜರ್ಮನಿಯಲ್ಲಿ ಬರ್ಲಿನ್ನಿನ ದೂತಾವಾಸದ ಜೊತೆಗೆ ಫ್ರಾಂಕ್‌ಫರ್ಟ್, ಹ್ಯಾಂಬರ್ಗ್, ಮ್ಯೂನಿಕ್‌ಗಳಲ್ಲಿ ಕಾನ್ಸುಲೇಟ್‌ಗಳಿವೆ. ತುರ್ತಾಗಿ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್ ಭಾರತಕ್ಕೆ ಹಿಂದಿರುಗಲು ಮಾತ್ರ. ಯಾವ ಆಪತ್ತಿಗೂ 112ಕ್ಕೆ ಕರೆ ಮಾಡಿ, ಯೂರೋಪಿಯನ್ ಯೂನಿಯನ್ನಿನ ಎಲ್ಲ ದೇಶಗಳಲ್ಲೂ ಅದೇ ಸಂಖ್ಯೆ. ಊರು ಸೇರಿದ ಮೊದಲ ತಿಂಗಳಲ್ಲೇ ಹತ್ತಿರದ ಕನ್ನಡ ಸಂಘದವರ ಪರಿಚಯ ಮಾಡಿಕೊಳ್ಳಿ. ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟವಿದೆ, ಫ್ರಾಂಕ್‌ಫರ್ಟ್ ಸುತ್ತ ರೈನ್ ಮೈನ್ ಕನ್ನಡ ಸಂಘವಿದೆ, ಬ್ರಿಟನ್ನಿನಲ್ಲಿ ಕನ್ನಡ ಬಳಗ ಇದೆ. ಕಷ್ಟದಲ್ಲಿ ಕೈಹಿಡಿಯುವವರು ಸಿಗುತ್ತಾರೆ. ಆದರೆ ನಿಯಮದ ವಿಚಾರಕ್ಕೆ ಅವರ ಮಾತನ್ನೂ ಸರ್ಕಾರದ ಪ್ರಕಟಣೆಯೊಂದಿಗೆ ಹೋಲಿಸಿ ನೋಡಿ.

ಎಲ್ಲಕ್ಕಿಂತ ದೊಡ್ಡ ಮಾತು: ಅಧಿಕಾರಿಯ ಮುಂದೆ ನಿಜ ಹೇಳಿ. ರದ್ದು ಮಾಡುವ ಉದ್ದೇಶದಿಂದಲೇ ಹೋಟೆಲು ಕಾದಿರಿಸಿದ ಚೀಟಿ, ಪ್ರಯಾಣಕ್ಕೆಂದು ಒಂದು ವಾರದ ಮಟ್ಟಿಗೆ ಖಾತೆಗೆ ತುಂಬಿಸಿದ ಸಾಲದ ಹಣ, ಬೇರೆಯವರು ಬರೆದುಕೊಟ್ಟ ಆಹ್ವಾನ ಪತ್ರ, ಇಂಥವನ್ನು ಏಜೆಂಟರು ಸಾಮಾನ್ಯ ಸಂಗತಿಯಂತೆ ಹೇಳಿಕೊಡುತ್ತಾರೆ. ಸಹಿ ನಿಮ್ಮದು, ಬೆರಳಚ್ಚು ನಿಮ್ಮದು. ಒಂದು ಶೆಂಗೆನ್ ದೇಶಕ್ಕೆ ಕೊಟ್ಟ ಬೆರಳಚ್ಚನ್ನು 59 ತಿಂಗಳವರೆಗೆ ಉಳಿದ ಶೆಂಗೆನ್ ದೇಶಗಳ ಅರ್ಜಿಗೂ ಬಳಸುತ್ತಾರೆ. ಒಂದು ಕಡೆ ಸಿಕ್ಕಿದ ಸುಳ್ಳು ಎಲ್ಲ ಕಡೆಯೂ ಕಾಣುತ್ತದೆ. ವೀಸಾ ನಿರಾಕರಿಸಿದರೂ ಕಾರಣವನ್ನು ಬರವಣಿಗೆಯಲ್ಲಿ ಕೊಡುತ್ತಾರೆ, ಮೇಲ್ಮನವಿಗೆ ಅವಕಾಶವಿದೆ. ಕೊರತೆಯಿದ್ದ ಕಾಗದವನ್ನು ಸರಿಪಡಿಸಿ ಮತ್ತೆ ಕೇಳಬಹುದು. ಕಳೆದುಕೊಂಡ ವಿಶ್ವಾಸವನ್ನು ಅಷ್ಟು ಸುಲಭವಾಗಿ ಪಡೆಯಲಾಗದು.

ಪಾಸ್‌ಪೋರ್ಟಿನ ಬೆಲೆಯನ್ನೂ ತಿಳಿದಿರಿ. ವಿದೇಶಕ್ಕೆ ಹೋಗಿಬರುವುದು ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ನಮ್ಮ ಸುಪ್ರೀಂ ಕೋರ್ಟು 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ತೀರ್ಪಿತ್ತಿತು. ಅದರ ಬೆನ್ನಿಗೇ ಆ ವರ್ಷ ಪಾಸ್‌ಪೋರ್ಟ್ ಕಾಯಿದೆ ಬಂತು. ಅದಕ್ಕೂ ಮೊದಲು ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಇಚ್ಛೆಗೆ ಬಿಟ್ಟದ್ದಾಗಿತ್ತು. ನಿಮ್ಮ ಕೈಯಲ್ಲಿರುವ ಆ ನೀಲಿ ಪುಸ್ತಕದ ಹಿಂದೆ ಇಷ್ಟು ಹೋರಾಟವಿದೆ. ಕಾಯಿದೆಯ ಪ್ರಕಾರ ಅದು ಭಾರತ ಸರ್ಕಾರದ ಸ್ವತ್ತು. ಮನೆ ಮಾಲೀಕನಿಗೋ ಕೆಲಸ ಕೊಟ್ಟವನಿಗೋ ಒತ್ತೆಯಾಗಿ ಕೊಡಬೇಡಿ.

ಮಕ್ಕಳೇ, ಯೂರೋಪನ್ನು ಕಣ್ತುಂಬ ನೋಡಿ. ಪ್ರತಿ ಸಲ ಹೊರಡುವ ಮುನ್ನ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ: ನನ್ನ ಕಾರ್ಡು ಅಥವಾ ವೀಸಾ ಆ ದೇಶದಲ್ಲಿ ನಡೆಯುತ್ತದೆಯೇ? ನನ್ನ ಪಾಸ್‌ಪೋರ್ಟ್, ಕಾರ್ಡು ಎರಡೂ ಚಾಲ್ತಿಯಲ್ಲಿದ್ದು ಜೊತೆಗಿವೆಯೇ? ದಿನಗಳ ಲೆಕ್ಕ ಸರಿಯಿದೆಯೇ? ಹಿಂತಿರುಗಿ ಬರುವ ಹಕ್ಕು ಉಳಿದಿದೆಯೇ? ನಾಲ್ಕಕ್ಕೂ ಹೌದು ಎಂಬ ಉತ್ತರ ಬಂದರೆ ನಿಶ್ಚಿಂತೆಯಿಂದ ಹೋಗಿಬನ್ನಿ. ಒಂದಕ್ಕೆ ಅನುಮಾನವಿದ್ದರೂ ಆ ವಾರ ಹೋಗಬೇಡಿ, ವಿಚಾರಿಸಿ ತಿಳಿದುಕೊಂಡು ಮುಂದಿನ ವಾರ ಹೋಗಿ.